ಇಬ್ಬರು ಕಾರ್ಮೆಲಾ ಎಸ್ಪೊಸಿಟೊ

ಕಳೆದ ತಿಂಗಳು ಪ್ರಾಸ್ಪೆಕ್ಟ್ ರಸ್ತೆಯ ಇಂಡಿಯನ್ ಅಂಗಡಿಯಲ್ಲಿ ಕುಚ್ಚಲಕ್ಕಿಯ ಚೀಲ ಹುಡುಕುತ್ತಿದ್ದಾಗ ಹಿಂದಿನಿಂದ ಯಾರೋ "ಐರಿನ್ ಆಂಟಿ" ಎಂದು ಕರೆದರು. ನೋಡಿದರೆ ನಮ್ರತಾ. ದಾವಣಗೆರೆಯ ಹುಡುಗಿ. ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ಸಮಾಜಕಾರ್ಯ ಓದಿ, ಅಡಿಲೇಡಿಗೆ ಬಂದು, ನಾನು ಇಪ್ಪತ್ತನಾಲ್ಕು ವರ್ಷ ಕೂತಿದ್ದ ಕುರ್ಚಿಯಲ್ಲಿ ಈಗ ಕೂತಿದ್ದಾಳೆ. ಕೆಲಸ ಹೇಗಿದೆ ಎಂದು ಕೇಳಿದೆ.

"ಟ್ರೈನಿಂಗ್‌ನಲ್ಲಿ ಬರೀ ಸಾಫ್ಟ್‌ವೇರ್ ಬಗ್ಗೆನೇ ಹೇಳ್ತಾರೆ ಆಂಟಿ. ತಪ್ಪು ಮಾಡಿದ್ರೆ ಏನಾಗತ್ತೆ ಅಂತ ಒಬ್ರೂ ಹೇಳ್ತಿಲ್ಲ" ಎಂದಳು.

ಹೇಳುವುದಿಲ್ಲ, ಯಾಕೆಂದರೆ ಮಾಡಿದವರು ರಿಟೈರ್ ಆಗಿ ಮನೆಯಲ್ಲಿ ಕೂತಿರುತ್ತಾರೆ. ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಬೀಳ್ಕೊಡುಗೆಯ ದಿನ ಕೇಕ್ ಕತ್ತರಿಸಿ ನನ್ನ ಬಗ್ಗೆ ಒಳ್ಳೆಯ ಮಾತುಗಳನ್ನೆಲ್ಲ ಆಡಿದರು, ಅವನ್ನು ಇಲ್ಲಿ ಮತ್ತೆ ಬರೆದರೆ ನಮ್ರತಾಗೆ ಉಪಯೋಗವಿಲ್ಲ.

ನಮ್ಮ ಆಫೀಸಿನ ಕೆಲಸ ಒಂದೇ ವಾಕ್ಯದಲ್ಲಿ ಹೇಳಬಹುದು. ಕಳೆದುಹೋದ ಸಂಬಂಧಿಕರನ್ನು ಹುಡುಕಿಕೊಡುವುದು. ಯುದ್ಧದಲ್ಲಿ, ವಲಸೆಯಲ್ಲಿ, ದತ್ತು ಕೊಟ್ಟಿದ್ದರಲ್ಲಿ, ಮನೆಯ ಜಗಳದಲ್ಲಿ ಬೇರೆಯಾದವರು ನಮ್ಮ ಹತ್ತಿರ ಬರುತ್ತಿದ್ದರು. ಹುಡುಕಿ ಸಿಕ್ಕವರ ವಿಳಾಸವನ್ನು ನಾವು ಯಾರಿಗೂ ಕೊಡುವಂತಿಲ್ಲ. ಮೊದಲು ಸಿಕ್ಕವರಿಗೆ ನಾವೇ ಫೋನ್ ಮಾಡಬೇಕು, ಹೀಗೆ ಒಬ್ಬರು ನಿಮ್ಮನ್ನು ಹುಡುಕುತ್ತಿದ್ದಾರೆ, ನಿಮಗೆ ಇಷ್ಟವಿದೆಯೇ ಎಂದು ಕೇಳಬೇಕು. ಇಡೀ ಕೆಲಸದ ಪ್ರಾಣ ಇರುವುದು ಆ ಒಂದು ಫೋನಿನಲ್ಲಿ. ಹುಡುಕುವುದು ಯಾರಿಗಾದರೂ ಬರುತ್ತದೆ.

ನಾನು ಉಡುಪಿ ಕಡೆಯವಳು, ಕುವೈತಿನಲ್ಲಿ ಹತ್ತು ವರ್ಷ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದು ಇಲ್ಲಿಗೆ ಬಂದವಳು. ಕಾಗದ ಜೋಡಿಸುವುದರಲ್ಲಿ ನನಗೆ ಸೊಕ್ಕು ಇತ್ತು. ಆ ಸೊಕ್ಕನ್ನು ಮೊದಲು ಇಳಿಸಿದವಳು ನನ್ನ ಮೇಲಧಿಕಾರಿ ಮಾರ್ಗರೆಟ್. ತೆಳ್ಳಗಿನ ಹೆಂಗಸು, ಗಟ್ಟಿಯಾಗಿ ಮಾತಾಡಿದ್ದು ನಾನು ಕೇಳಿಲ್ಲ, ಆದರೂ ಅವಳ ಬಾಗಿಲ ಮುಂದೆ ಹೋಗುವಾಗ ನನ್ನ ಚಪ್ಪಲಿ ಸದ್ದು ಮಾಡದಂತೆ ನಡೆಯುತ್ತಿದ್ದೆ.

ಸೇರಿದ ಎರಡನೆಯ ತಿಂಗಳಿನಲ್ಲಿ ಒಬ್ಬ ತಾಯಿಗಾಗಿ ಅವಳು ದತ್ತು ಕೊಟ್ಟಿದ್ದ ಮಗನನ್ನು ಪತ್ತೆ ಮಾಡಿದೆ. ಐವತ್ತು ದಾಟಿದ ಗಂಡಸು. ಫೋನ್ ಮಾಡಿದರೆ ಆನ್ಸರಿಂಗ್ ಮಷೀನ್ ತೆಗೆದುಕೊಂಡಿತು. ನಾನು ಜಾಣೆ, "ನಿಮ್ಮ ಹೆತ್ತ ತಾಯಿ ನಿಮ್ಮನ್ನು ಹುಡುಕುತ್ತಿದ್ದಾರೆ, ದಯವಿಟ್ಟು ಕರೆ ಮಾಡಿ" ಎಂದು ಸಂದೇಶ ಬಿಟ್ಟೆ. ಅದನ್ನು ಕೇಳಿಸಿಕೊಂಡಿದ್ದು ಅವನ ಹೆಂಡತಿ. ಅವನು ದತ್ತು ಮಗ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅವನಿಗೇ ಗೊತ್ತಿರಲಿಲ್ಲ. ಮಾರನೆಯ ದಿನ ಅವನು ಆಫೀಸಿಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಒಂದು ಗಂಟೆ ಏನೂ ಮಾತಾಡಲಿಲ್ಲ. ಎದ್ದು ಹೋಗಲು ಮಾರ್ಗರೆಟ್ ನನ್ನನ್ನು ಬಿಡಲಿಲ್ಲ. ನೀನು ಮಾಡಿದ್ದನ್ನು ನೋಡು ಎಂಬಂತೆ ಬಾಗಿಲ ಹತ್ತಿರ ನಿಂತಿದ್ದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು.

ಅವನು ಹೋದ ಮೇಲೆ ಅವಳು ನನಗೆ ಒಂದು ನಿಯಮ ಹೇಳಿಕೊಟ್ಟಳು. ಫೋನಿನಲ್ಲಿ ಹುಡುಕುತ್ತಿರುವವರ ಹೆಸರನ್ನು ನೀನು ಹೇಳಬೇಡ. ನಿಮ್ಮ ತಂದೆಯ ಹೆಸರೇನು, ಒಡಹುಟ್ಟಿದವರು ಯಾರು ಎಂದು ಕೇಳು. ಹೆಸರು ಅವರ ಬಾಯಿಂದಲೇ ಬರಲಿ. ಬರದಿದ್ದರೆ ಕ್ಷಮೆ ಕೇಳಿ ಫೋನ್ ಇಡು. ನಮ್ಮ ಹತ್ತಿರ ಬರುವವರೆಲ್ಲ ಆಸೆ ಕಟ್ಟಿಕೊಂಡವರು, ಹೆಸರನ್ನು ನೀನೇ ಬಾಯಿಗಿಟ್ಟರೆ ಹೌದು ಅಂದೇ ಅನ್ನುತ್ತಾರೆ. ಈ ನಿಯಮವನ್ನು ನಾನು ವರ್ಷಗಟ್ಟಲೆ ಪಾಲಿಸಿದೆ, ಹೊಸಬರಿಗೆಲ್ಲ ಹೇಳಿಕೊಟ್ಟೆ. ಮುರಿದದ್ದು ಒಂದೇ ಸಲ.

ಆಗ ಮಾರ್ಗರೆಟ್ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಹಳೆಯ ದಾಖಲೆಗಳ ಫಿಲ್ಮ್ ತೋರಿಸುವ ಮೈಕ್ರೋಫಿಶ್ ಯಂತ್ರದ ಮುಂದೆ ಕಣ್ಣು ಕಿರಿದು ಮಾಡಿ ಕೂರುವುದು, ಹಡಗಿನ ಪ್ರಯಾಣಿಕರ ಪಟ್ಟಿಗಾಗಿ ಮೂರು ವಾರ ಕಾಯುವುದು, ಎಲ್ಲ ಮುಗಿದಿತ್ತು. ಒಂದು ಹೆಸರು ಹೊಡೆದರೆ ಮೂರು ನಿಮಿಷದಲ್ಲಿ ಇಡೀ ದೇಶದ ಪಟ್ಟಿ ಪರದೆಯ ಮೇಲೆ ಬರುತ್ತಿತ್ತು. ಒಳ್ಳೆಯದೇ. ಆದರೆ ಮೂರು ವಾರ ಕಾಯುವಾಗ ತಲೆ ಓಡುತ್ತಿತ್ತು, ಮೂರು ನಿಮಿಷದಲ್ಲಿ ಬೆರಳು ಮಾತ್ರ ಓಡುತ್ತದೆ. ಇದನ್ನು ಹೇಳಿದರೆ ಹೊಸ ಮೇಲಧಿಕಾರಿ ನಗುತ್ತಿದ್ದ.

ಒಂದು ಬುಧವಾರ ಬೆಳಿಗ್ಗೆ ಅಡಿಲೇಡಿನ ಒಂದು ಆಸ್ಪತ್ರೆಯಿಂದ ಸಮಾಜ ಕಾರ್ಯಕರ್ತೆ ಫೋನ್ ಮಾಡಿದಳು. ಕೊನೆಯ ದಿನಗಳ ವಾರ್ಡಿನಲ್ಲಿ ಸಾಲ್ವತೊರೆ ಎಸ್ಪೊಸಿಟೊ ಎಂಬ ಎಂಬತ್ತಮೂರು ವರ್ಷದ ಮುದುಕ ಇದ್ದಾನೆ. ಮದುವೆಯಾಗಿಲ್ಲ. ಕಿಲ್ಬರ್ನ್ ಬಡಾವಣೆಯ ಒಂದು ಎರಕದ ಕಾರ್ಖಾನೆಯಲ್ಲಿ ದುಡಿದವನು, ಅಲ್ಲೇ ಒಂದು ಚಿಕ್ಕ ಯೂನಿಟ್ ಮನೆಯಲ್ಲಿ ಒಬ್ಬನೇ ಇದ್ದವನು. ಕಾಯಿಲೆ ಹೆಚ್ಚಾದ ಹಾಗೆ ಇಂಗ್ಲಿಷ್ ಮರೆತು ತನ್ನ ಹಳ್ಳಿಯ ಭಾಷೆಗೆ ಹೋಗಿಬಿಟ್ಟಿದ್ದಾನೆ, ಫೋನಿನಲ್ಲಿ ಸಿಗುವ ಇಟಾಲಿಯನ್ ದುಭಾಷಿಗೂ ಅದು ಅರ್ಧಂಬರ್ಧ ತಿಳಿಯುತ್ತದೆ. ಒಂದು ಹೆಸರು ಮಾತ್ರ ಎಲ್ಲರಿಗೂ ತಿಳಿದಿದೆ. ತಂಗಿ ಕಾರ್ಮೆಲಾ. ಅವಳು ಬರಬೇಕಂತೆ. ಐವತ್ತು ವರ್ಷವಾಯಿತು ಮಾತು ಬಿಟ್ಟು. ಎಲ್ಲಿದ್ದಾಳೆ ಎಂದರೆ ದೂರ ಎಂದು ಕೈ ಬೀಸುತ್ತಾನೆ, ಭಾವನ ಹೆಸರು ಕೇಳಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತಾನೆ. ಭಾನುವಾರದ ತನಕ ಇದ್ದರೆ ಹೆಚ್ಚು ಎಂದು ವೈದ್ಯರು ಹೇಳಿದ್ದಾರೆ.

ಅವನು ಮುಖ ತಿರುಗಿಸಿದ್ದನ್ನು ನಾನು ಬರೆದುಕೊಂಡೆ, ಅದರ ಬಗ್ಗೆ ಯೋಚಿಸಲಿಲ್ಲ. ಅವನ ಪೌರತ್ವದ ಕಾಗದದ ಪ್ರತಿಯನ್ನೂ ಅವಳು ಕಳಿಸಿದಳು. ಅದರಲ್ಲಿ ಹಳ್ಳಿಯ ಹೆಸರು ನೋಡಿಕೊಂಡು ಮಡಿಸಿ ಫೈಲಿಗೆ ಹಾಕಿದೆ. ನೇಪಲ್ಸ್ ಹತ್ತಿರದ ಒಂದು ಹಳ್ಳಿ.

ಎಸ್ಪೊಸಿಟೊ ಎಂದ ಕೂಡಲೇ ನನಗೆ ತಲೆನೋವು ಶುರುವಾಗಿತ್ತು. ಆ ಅಡ್ಡಹೆಸರಿನ ಅರ್ಥ 'ಹೊರಗೆ ಇಡಲಾದವನು' ಎಂದು. ಹಿಂದಿನ ಕಾಲದಲ್ಲಿ ನೇಪಲ್ಸಿನಲ್ಲಿ ಸಾಕಲಾಗದ, ಇಲ್ಲವೇ ಹೇಳಿಕೊಳ್ಳಲಾಗದ ಕೂಸುಗಳನ್ನು ಅನಾಥಾಲಯದ ಗೋಡೆಯಲ್ಲಿದ್ದ ಮರದ ತಿರುಗು ಪೆಟ್ಟಿಗೆಯಲ್ಲಿ ಇಟ್ಟು, ಗಂಟೆ ಬಾರಿಸಿ ಹೋಗಿಬಿಡುತ್ತಿದ್ದರು. ಒಳಗಿನಿಂದ ಸನ್ಯಾಸಿನಿಯರು ಪೆಟ್ಟಿಗೆ ತಿರುಗಿಸಿ ಕೂಸನ್ನು ಎತ್ತಿಕೊಳ್ಳುತ್ತಿದ್ದರು. ಅಪ್ಪ ಯಾರು, ಅಮ್ಮ ಯಾರು ಗೊತ್ತಿಲ್ಲ. ಹಾಗಾಗಿ ದಾಖಲೆಯಲ್ಲಿ ಎಲ್ಲರಿಗೂ ಇದೇ ಅಡ್ಡಹೆಸರು. ಜೀವಮಾನವಿಡೀ ಹಣೆಯ ಮೇಲೆ ಬರೆದಂತೆ ಈ ಹೆಸರು ಬೇಡ ಎಂದು ಸುಮಾರು ಇನ್ನೂರು ವರ್ಷಗಳ ಹಿಂದೆ ಅಲ್ಲಿನ ದೊರೆ ಅದನ್ನು ಹೊಸ ಕೂಸುಗಳಿಗೆ ಇಡುವುದನ್ನು ನಿಲ್ಲಿಸಿದ. ಅಷ್ಟರೊಳಗೆ ಇಟ್ಟಿದ್ದು ಸಾಕಾಗಿತ್ತು. ಆ ಕೂಸುಗಳು ಬೆಳೆದು, ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳಾಗಿ, ಇವತ್ತು ನೇಪಲ್ಸ್ ಕಡೆ ಬೀದಿಗೊಂದು ಎಸ್ಪೊಸಿಟೊ ಮನೆ. ಇಟಲಿಯಲ್ಲೇ ಅತಿ ಹೆಚ್ಚು ಕಾಣುವ ಅಡ್ಡಹೆಸರುಗಳಲ್ಲಿ ಅದೂ ಒಂದು. ಅಲ್ಲಿಂದ ಹಡಗು ಹತ್ತಿ ಬಂದವರಿಂದಾಗಿ ಆಸ್ಟ್ರೇಲಿಯಾದಲ್ಲೂ ಕಡಿಮೆಯಿಲ್ಲ. ಹೆಸರು ಒಂದೇ, ರಕ್ತ ಒಂದೇ ಆಗಬೇಕಿಲ್ಲ.

ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನೇ ಡಿಸೋಜರ ಮನೆಯಲ್ಲಿ ಹುಟ್ಟಿ ಡಿಸೋಜರ ಮನೆಗೆ ಮದುವೆಯಾಗಿ ಬಂದವಳು. ಪೋರ್ಚುಗೀಸ್ ಪಾದ್ರಿಗಳು ಜ್ಞಾನಸ್ನಾನದ ದಿನ ಕೈಗೆ ಸಿಕ್ಕ ಅಡ್ಡಹೆಸರು ಕೊಟ್ಟು ಹೋದರು, ನಮ್ಮ ಎರಡು ಮನೆಗೂ ನೆಂಟಸ್ತಿಕೆ ಇರಲಿಲ್ಲ. ಮದುವೆಯಲ್ಲಿ ಹೆಸರು ಬದಲಾಯಿಸುವ ಖರ್ಚು ಉಳಿಯಿತೆಂದು ನನ್ನ ಮಾವ ತಮಾಷೆ ಮಾಡಿದ್ದರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ, ನಾನು ಎಂಥ ದಡ್ಡಿ ಎಂದು ತಿಳಿಯುತ್ತದೆ.

ಪರದೆಯ ಮೇಲೆ ಮೂರು ಕಾರ್ಮೆಲಾ ಎಸ್ಪೊಸಿಟೊ ಬಂದರು. ಮೊದಲನೆಯವಳಿಗೆ ಮೂವತ್ತು ವರ್ಷ. ಕಾಟು ಹೊಡೆದೆ. ಎರಡನೆಯವಳು ಬ್ರಿಸ್ಬೇನಿನವಳು, ಎಪ್ಪತ್ತೆಂಟು ವರ್ಷ, ತೀರಿಹೋದ ಗಂಡನ ಹೆಸರು ವಿಂಚೆನ್ಸೊ ಎಸ್ಪೊಸಿಟೊ. ಮೂರನೆಯವಳು ಪರ್ತಿನವಳು, ಎಪ್ಪತ್ತೊಂಬತ್ತು. ಅಲ್ಲಿನ ಒಂದು ಇಟಾಲಿಯನ್ ಸಂಘದ ಪಟ್ಟಿಯಲ್ಲಿ ಹುಟ್ಟಿದ ಹಳ್ಳಿಯೂ ಇತ್ತು. ಅದೇ ಹಳ್ಳಿ. ಇಟಲಿಯ ಕಾಗದಪತ್ರಗಳಲ್ಲಿ ಹೆಂಗಸಿಗೆ ಮದುವೆಯಾದ ಮೇಲೂ ತವರಿನ ಹೆಸರೇ ಇರುತ್ತದೆ. ಪರ್ತಿನವಳ ಗಂಡನದು ಬೇರೆ ಹೆಸರು, ಆದ್ದರಿಂದ ಎಸ್ಪೊಸಿಟೊ ಎನ್ನುವುದು ಅವಳ ತವರಿನದು. ಬ್ರಿಸ್ಬೇನಿನವಳ ಗಂಡನೇ ಎಸ್ಪೊಸಿಟೊ, ಇಲ್ಲಿಗೆ ಬಂದ ಮೇಲೆ ಇಲ್ಲಿನ ರೂಢಿಯಂತೆ ಗಂಡನ ಹೆಸರು ಹಿಡಿದಿದ್ದಾಳೆ, ಆದ್ದರಿಂದ ಅವಳದು ಗಂಡನಿಂದ ಬಂದದ್ದು. ಹೀಗೆ ಲೆಕ್ಕ ಹಾಕಿ ಅವಳ ಹೆಸರಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದೆ. ಎಸ್ಪೊಸಿಟೊ ಹುಡುಗಿ ಎಸ್ಪೊಸಿಟೊ ಹುಡುಗನನ್ನು ಮದುವೆಯಾಗಿರಬಹುದು ಎನ್ನುವುದು ಈ ಡಿಸೋಜಳಿಗೆ ಹೊಳೆಯಲಿಲ್ಲ.

ಗುರುವಾರ ಬೆಳಿಗ್ಗೆ ಮತ್ತೆ ಆಸ್ಪತ್ರೆಯಿಂದ ಫೋನ್ ಬಂತು. ಊಟ ಬಿಟ್ಟಿದ್ದಾನೆ, ಬೇಗ ಮಾಡಿ ಎಂದಳು. ಪರ್ತಿಗೆ ಕರೆ ಮಾಡಿದೆ. ಮಗಳು ತೆರೇಸಾ ತೆಗೆದುಕೊಂಡು ತಾಯಿಗೆ ಕೊಟ್ಟಳು. ಆ ಮುದುಕಿಯ ಧ್ವನಿ ಕೇಳಿದ ಕೂಡಲೇ ನಾನು ಮಾರ್ಗರೆಟ್‌ಳನ್ನೂ ಅವಳ ನಿಯಮವನ್ನೂ ಮರೆತೆ. ನಿಮಗೆ ಸಾಲ್ವತೊರೆ ಎಂಬ ಅಣ್ಣ ಇದ್ದಾರೆಯೇ, ಅವರು ಅಡಿಲೇಡಿನಲ್ಲಿ ಆಸ್ಪತ್ರೆಯಲ್ಲಿದ್ದಾರೆ, ನಿಮ್ಮನ್ನು ಕೇಳುತ್ತಿದ್ದಾರೆ ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಆ ಕಡೆಯಿಂದ ಅಳು. ಅವಳ ಅಣ್ಣ ಸಾಲ್ವತೊರೆ ಇಪ್ಪತ್ತು ವರ್ಷದವನಿದ್ದಾಗ ಆಸ್ಟ್ರೇಲಿಯಾಕ್ಕೆಂದು ಹಡಗು ಹತ್ತಿದ್ದ, ಎರಡು ಕಾಗದ ಬರೆದ, ಆಮೇಲೆ ಸುದ್ದಿಯಿಲ್ಲ. ತಾಯಿ ಅವನ ಹೆಸರು ಹೇಳುತ್ತಲೇ ಸತ್ತಿದ್ದಳು. ಇವಳು ಗಂಡನ ಜೊತೆ ಪರ್ತಿಗೆ ಬಂದದ್ದರಲ್ಲಿ ಅವನನ್ನು ಹುಡುಕುವ ಆಸೆಯೂ ಇತ್ತು. ಎಲ್ಲ ಸರಿಯಾಗಿ ಕೂಡಿಕೊಂಡಿತು. ತೆರೇಸಾ ಅವತ್ತೇ ಶುಕ್ರವಾರ ಬೆಳಗಿನ ವಿಮಾನಕ್ಕೆ ಎರಡು ಟಿಕೆಟ್ ಮಾಡಿಸಿದಳು. ನಾನು ಆಸ್ಪತ್ರೆಗೆ ತಂಗಿ ಸಿಕ್ಕಳು ಎಂದು ಹೇಳಿ, ಅವತ್ತು ಸಂಜೆ ಖುಷಿಯಿಂದ ಮನೆಗೆ ಹೋಗಿ ಸಾರು ಮಾಡಿದೆ.

ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಬಂದು ಫೈಲ್ ಪೂರ್ತಿ ಮಾಡಲು ಕೂತೆ. ತೆರೇಸಾ ತುಂಬಿ ಕಳಿಸಿದ್ದ ಫಾರಂ ಇಮೇಲಿನಲ್ಲಿತ್ತು. ಕಾರ್ಮೆಲಾಳ ತಂದೆಯ ಹೆಸರು: ಆಂತೋನಿಯೊ. ಪಕ್ಕದಲ್ಲಿ ಬುಧವಾರ ಮಡಿಸಿಟ್ಟಿದ್ದ ಸಾಲ್ವತೊರೆಯ ಪೌರತ್ವದ ಕಾಗದ ಬಿಡಿಸಿದೆ. ತಂದೆಯ ಹೆಸರು: ಜೆನ್ನಾರೊ.

ನಾನು ಎರಡನ್ನೂ ನಾಲ್ಕು ಸಲ ಓದಿದೆ. ಓದಿದಷ್ಟು ಸಲವೂ ಬೇರೆ ಬೇರೆಯೇ. ಗಡಿಯಾರ ನೋಡಿದೆ. ಅವರ ವಿಮಾನ ಪರ್ತ್ ಬಿಟ್ಟು ಅರ್ಧ ಗಂಟೆಯಾಗಿತ್ತು.

ಈ ಕಥೆಯನ್ನು ಹೇಳಿದಾಗ ನಮ್ರತಾ ಅಂಗಡಿಯಲ್ಲೇ ನಿಂತು, "ಅಪ್ಪನ ಹೆಸರು ಫಸ್ಟೇ ನೋಡಿಲ್ವಾ ಆಂಟಿ ನೀವು" ಎಂದು ಕಣ್ಣರಳಿಸಿದಳು. ಅವಳು ಕೆ. ಎಂ. ನಮ್ರತಾ. ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ತಾನು. ಅಪ್ಪನ ಹೆಸರಿಲ್ಲದೆ ಅವಳ ಕಡೆ ಒಂದು ಅರ್ಜಿಯೂ ಮುಂದೆ ಹೋಗುವುದಿಲ್ಲ. ನಮಗೆ ಅಡ್ಡಹೆಸರು ಇದೆ, ಇನಿಶಿಯಲ್ ಯಾಕೆ ಎಂದು ಶಾಲೆಯಲ್ಲಿ ನಾನು ಜಂಬ ಕೊಚ್ಚಿಕೊಂಡಿದ್ದೆ. ಆ ಜಂಬದ ಫಲ ಆ ಶುಕ್ರವಾರ ನನ್ನ ಮೇಜಿನ ಮೇಲಿತ್ತು. ಅದೂ ಎಂಥ ಹೆಸರಿನಲ್ಲಿ, ಅಪ್ಪ ಯಾರೆಂದು ಗೊತ್ತಿಲ್ಲದವರಿಗಾಗಿಯೇ ಮಾಡಿದ ಹೆಸರಿನಲ್ಲಿ.

ಪಟ್ಟಿ ತೆಗೆದೆ. ಗೆರೆ ಎಳೆದ ಬ್ರಿಸ್ಬೇನಿನ ನಂಬರಿಗೆ ಫೋನ್ ಮಾಡಿದೆ. ಮುದುಕಿಯೇ ತೆಗೆದುಕೊಂಡಳು. ಈ ಸಲ ನಾನು ನಿಯಮ ಬಿಡಲಿಲ್ಲ. ನಾನು ಯಾರು ಎಂದು ಹೇಳಿ, ನಿಮ್ಮ ತಂದೆಯ ಹೆಸರೇನು ಎಂದು ಕೇಳಿದೆ. ಜೆನ್ನಾರೊ ಎಂದಳು. ತವರಿನ ಅಡ್ಡಹೆಸರು ಕೇಳಿದೆ. ಎಸ್ಪೊಸಿಟೊ, ಹುಟ್ಟಿದಾಗಲೂ ಅದೇ, ಮದುವೆಯಾದಾಗಲೂ ಅದೇ ಎಂದಳು. ಒಡಹುಟ್ಟಿದವರು ಯಾರಾದರೂ ಇದ್ದಾರೆಯೇ?

"ಒಬ್ಬ ಇದ್ದ" ಎಂದಳು. "ಸಾಲ್ವತೊರೆ. ಸತ್ತನಾ?"

ಇನ್ನೂ ಇಲ್ಲ, ಆದರೆ ಹೆಚ್ಚು ದಿನ ಇಲ್ಲ, ನಿಮ್ಮನ್ನು ಕೇಳುತ್ತಿದ್ದಾರೆ ಎಂದೆ. ಅವಳು ಅಳಲಿಲ್ಲ. ಸಿಟ್ಟಿನಿಂದ ಮಾತಾಡಿದಳು. ವಿಂಚೆನ್ಸೊ ಬೇರೆ ಊರಿನವನು, ಬೇರೆ ಮನೆತನದವನು, ಅಡಿಲೇಡಿನಲ್ಲಿ ಪರಿಚಯವಾದವನು. ಇವನನ್ನು ಮದುವೆಯಾಗುತ್ತೇನೆ ಎಂದಾಗ ಅಣ್ಣ ಸುತರಾಂ ಒಪ್ಪಲಿಲ್ಲ. ನಮ್ಮ ಹೆಸರಿನವರೆಲ್ಲ ಆ ಗೋಡೆಯ ಪೆಟ್ಟಿಗೆಯಿಂದ ಬಂದವರು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರೋ ದೇವರಿಗೇ ಗೊತ್ತು, ಎಸ್ಪೊಸಿಟೊ ಎಸ್ಪೊಸಿಟೊನನ್ನು ಮದುವೆಯಾಗುವುದೆಂದರೆ ಅಣ್ಣತಂಗಿ ಮದುವೆಯಾದಂತೆ, ಮಕ್ಕಳು ನೆಟ್ಟಗೆ ಹುಟ್ಟುವುದಿಲ್ಲ ಎಂದು ಹೇಳಿದ. ಮದುವೆಗೆ ಬರಲಿಲ್ಲ. ಅವಳು ಗಂಡನ ಜೊತೆ ಬ್ರಿಸ್ಬೇನಿಗೆ ಹೊರಟ ದಿನ ಬಾಗಿಲೂ ತೆರೆಯಲಿಲ್ಲ. ನಮ್ಮಲ್ಲಿ ಸಗೋತ್ರ ಎನ್ನುತ್ತಾರಲ್ಲ, ಅದೇ ಭಯ. ಇಲ್ಲಿ ಗೋತ್ರವೇ ಗೊತ್ತಿಲ್ಲದವರ ಭಯ.

ನೀವು ಬರುತ್ತೀರಾ ಎಂದು ಕೇಳಿದೆ. ಗೊತ್ತಿಲ್ಲ ಎಂದು ಫೋನ್ ಇಟ್ಟಳು.

ವಿಮಾನ ನಿಲ್ದಾಣಕ್ಕೆ ನಾನೇ ಹೋದೆ. ಆಸ್ಪತ್ರೆಯ ಬಾಗಿಲಲ್ಲಿ ಹೇಳಿದರೆ ಪಾಪ, ಅದಕ್ಕೂ ಮುಂಚೆ ಹೇಳಬೇಕು ಎಂದುಕೊಂಡೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ, ಒಂದೂ ನಿಲ್ಲಲಿಲ್ಲ. ಕಾರ್ಮೆಲಾ ಕಪ್ಪು ಕೋಟು ಹಾಕಿಕೊಂಡು, ಮಗಳ ತೋಳು ಹಿಡಿದು ನಿಧಾನವಾಗಿ ಬಂದಳು. ಕೈಯಲ್ಲಿ ಒಂದು ತಗಡಿನ ಡಬ್ಬಿ. ಅಣ್ಣನಿಗೆ ಇಷ್ಟ ಎಂದು ಮಾಡಿದ ಬಾದಾಮಿ ಬಿಸ್ಕತ್ತು. ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಸುತ್ತು ಬಳಸದೆ ಹೇಳಿದೆ. ತಪ್ಪು ನನ್ನದು, ಅಲ್ಲಿರುವವರು ನಿಮ್ಮ ಅಣ್ಣ ಅಲ್ಲ, ಅವರ ತಂಗಿ ಕಾರ್ಮೆಲಾ ಬ್ರಿಸ್ಬೇನಿನಲ್ಲಿದ್ದಾರೆ.

ತೆರೇಸಾ ಎದ್ದು ನಿಂತಳು. ಎಂಬತ್ತರ ಹತ್ತಿರದ ಹೆಂಗಸನ್ನು ಇಡೀ ದೇಶ ದಾಟಿಸಿ ಈ ಮಾತು ಹೇಳಲು ಕರೆಸಿದಿರಾ ಎಂದು ಕೇಳಿದಳು. ಮುದುಕಿ ಮಾತ್ರ ಡಬ್ಬಿಯ ಮುಚ್ಚಳದ ಮೇಲೆ ಕೈಯಾಡಿಸುತ್ತ ಕೂತಿದ್ದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು, ಇವನ ಅಪ್ಪನ ಹೆಸರೇನು ಎಂದು.

ಜೆನ್ನಾರೊ ಎಂದೆ. ಅವಳು ತಲೆಯೆತ್ತಿದಳು. ಅವರ ಕಡೆ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಮೊದಲ ಮಗಳಿಗೆ ಅಪ್ಪನ ಅಮ್ಮನ ಹೆಸರು ಇಡುವುದು ಪದ್ಧತಿ. ಅವಳ ತಾತ ಸಾಲ್ವತೊರೆ, ಅಜ್ಜಿ ಕಾರ್ಮೆಲಾ. ಅವರಿಗೆ ಇಬ್ಬರು ಗಂಡುಮಕ್ಕಳು, ಜೆನ್ನಾರೊ ದೊಡ್ಡವನು, ಆಂತೋನಿಯೊ ಚಿಕ್ಕವನು. ಇಬ್ಬರೂ ತಮ್ಮ ತಮ್ಮ ಮಕ್ಕಳಿಗೆ ಅದೇ ಎರಡು ಹೆಸರು ಇಟ್ಟರು. ಒಂದೇ ಓಣಿಯಲ್ಲಿ ಇಬ್ಬರು ಸಾಲ್ವತೊರೆ, ಇಬ್ಬರು ಕಾರ್ಮೆಲಾ. ಕರಾವಳಿಯ ನಮ್ಮ ಮನೆಗಳಲ್ಲೂ ಇದೇ ಪದ್ಧತಿ. ನನ್ನ ಅಜ್ಜನ ಹೆಸರಿನ ಲಾರೆನ್ಸ್‌ಗಳು ನಮ್ಮ ಕುಟುಂಬದಲ್ಲಿ ಮೂವರಿದ್ದಾರೆ. ಇದೂ ನನಗೆ ಹೊಳೆಯಬೇಕಿತ್ತು.

"ಹಾಗಾದ್ರೆ ಅವನು ದೊಡ್ಡಪ್ಪನ ಮಗ" ಎಂದಳು ಕಾರ್ಮೆಲಾ. "ಅಲ್ಲಿ ಒಬ್ಬನೇ ಮಲಗಿದಾನೆ ತಾನೇ? ನಡೀರಿ."

ವಾರ್ಡಿನಲ್ಲಿ ಸಾಲ್ವತೊರೆ ಕಣ್ಣು ಮುಚ್ಚಿಕೊಂಡಿದ್ದ. ಉಸಿರು ಎಳೆದು ಎಳೆದು ಬಿಡುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಕೈ ಹಿಡಿದು, ತಮ್ಮ ಹಳ್ಳಿಯ ಮಾತಿನಲ್ಲಿ ಏನೋ ಹೇಳಿದಳು. ಅವನು ಕಣ್ಣು ಬಿಟ್ಟು "ಕಾರ್ಮೆ" ಎಂದ. ಸುಮ್ಮನಿದ್ದುಬಿಡಲಿ, ಹೌದು ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ನನ್ನ ತಪ್ಪು ಮುಚ್ಚಿಹೋಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ನಾನು ಆಂತೋನಿಯೊನ ಕಾರ್ಮೆಲಾ, ನಿನ್ನ ಕಾರ್ಮೆಲಾ ಬ್ರಿಸ್ಬೇನಿನಲ್ಲಿದ್ದಾಳೆ ಎಂದು ಹೇಳಿದಳಂತೆ. ತೆರೇಸಾ ನನಗೆ ಪಿಸುಮಾತಿನಲ್ಲಿ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಅವನು ಒಂದು ಮಾತು ಕೇಳಿದ.

"ಅವಳಿಗೆ ಮಕ್ಕಳು ಆದ್ವಾ? ನೆಟ್ಟಗಿದಾವಾ?"

ಐವತ್ತು ವರ್ಷ ಅವನು ಹೊತ್ತುಕೊಂಡಿದ್ದು ಸಿಟ್ಟಲ್ಲ, ಹೆದರಿಕೆ. ನಾನು ಹೊರಗೆ ಓಡಿ ಬ್ರಿಸ್ಬೇನಿಗೆ ಫೋನ್ ಮಾಡಿ, ಅವನು ಕೇಳಿದ್ದನ್ನು ಹಾಗೆಯೇ ಹೇಳಿದೆ. ಫೋನನ್ನು ಅವನ ಕಿವಿಯ ಹತ್ತಿರ ಹಿಡಿ ಎಂದಳು.

ಸ್ಪೀಕರ್ ಹಾಕಿ ದಿಂಬಿನ ಮೇಲಿಟ್ಟೆ. ಅವಳು ಒಂದೊಂದೇ ಹೆಸರು ಹೇಳಿದಳು. ಮೊದಲನೆಯವನು ಲುಯಿಜಿ, ಗಂಡನ ಅಪ್ಪನ ಹೆಸರು, ಲಾರಿ ಮೆಕ್ಯಾನಿಕ್. ಎರಡನೆಯವನು ಜೆನ್ನಾರೊ, ನಮ್ಮ ಅಪ್ಪನ ಹೆಸರು, ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಮೂರನೆಯವನು ಸಾಲ್ವತೊರೆ, ಅವನ ಮಗಳು ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಎಲ್ಲರೂ ನೆಟ್ಟಗಿದ್ದಾರೆ.

ಮುದುಕ ಫೋನಿನ ಕಡೆ ಮುಖ ತಿರುಗಿಸಿದ. ನನ್ನ ಹೆಸರು ಯಾಕೆ ಇಟ್ಟೆ ಎಂದು ಕೇಳಿದ.

"ತಾತನ ಹೆಸರು ಅದು" ಎಂದಳು ತಂಗಿ. "ನಿನ್ನೊಬ್ಬಂದಾ?"

ಅವನು ನಕ್ಕ. ನಕ್ಕಿದ್ದು ಕೆಮ್ಮಾಯಿತು, ನರ್ಸ್ ಬಂದು ಫೋನ್ ತೆಗೆದಳು. ತಂಗಿ ಶನಿವಾರ ಬೆಳಗಿನ ಮೊದಲ ವಿಮಾನಕ್ಕೆ ಬರುತ್ತೇನೆ ಎಂದಿದ್ದಳು. ಪರ್ತಿನ ಕಾರ್ಮೆಲಾ ಕುರ್ಚಿ ಬಿಟ್ಟು ಏಳಲಿಲ್ಲ.

ಶನಿವಾರ ಹತ್ತೂವರೆಗೆ ಸಾಲ್ವತೊರೆ ತೀರಿಕೊಂಡ. ಬ್ರಿಸ್ಬೇನಿನ ವಿಮಾನ ಆಗ ಇನ್ನೂ ಆಕಾಶದಲ್ಲಿತ್ತು. ಕೈ ಹಿಡಿದುಕೊಂಡಿದ್ದವಳು ನಾನು ತಪ್ಪಿ ಕರೆಸಿದವಳು. ಬುಧವಾರ ನಾನು ಆ ಗೆರೆ ಎಳೆಯದೇ ಇದ್ದಿದ್ದರೆ ಅಣ್ಣತಂಗಿಗೆ ಎರಡು ದಿನ ಸಿಗುತ್ತಿತ್ತು. ಸಿಕ್ಕಿದ್ದು ಫೋನಿನಲ್ಲಿ ಐದಾರು ನಿಮಿಷ. ಇದನ್ನು ಯಾರೂ ನನಗೆ ಎತ್ತಿ ಆಡಲಿಲ್ಲ, ಆದರೆ ಇದು ಹೀಗೆಯೇ, ಬೇರೆ ಥರ ಹೇಳಲು ಬರುವುದಿಲ್ಲ.

ಮಧ್ಯಾಹ್ನ ಬ್ರಿಸ್ಬೇನಿನ ಕಾರ್ಮೆಲಾ ಬಂದಳು. ಅಣ್ಣನ ಹಾಸಿಗೆಯ ಎರಡು ಪಕ್ಕದಲ್ಲಿ ಇಬ್ಬರೂ ಕೂತರು. ಎಪ್ಪತ್ತು ವರ್ಷದ ಹಿಂದೆ ಒಂದೇ ಓಣಿಯಲ್ಲಿ ಆಡಿದವರು, ಮೊದಮೊದಲು ಒಬ್ಬರನ್ನೊಬ್ಬರು ಗುರುತು ಹಿಡಿಯಲಿಲ್ಲ. ಆಮೇಲೆ ಹಿಡಿದರು. ಬಿಸ್ಕತ್ತಿನ ಡಬ್ಬಿ ತೆರೆದರು. ನಾನು ಮಾಡಿದ್ದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದೆ, ಮಾರ್ಗರೆಟ್ ಅವತ್ತು ನೋಡಿಸಿದ ಹಾಗೆ.

ಸಂಜೆ ಕಾರಿಡಾರಿನಲ್ಲಿ ಪಟ್ಟಿಯ ಹಾಳೆಯನ್ನು ಬ್ರಿಸ್ಬೇನಿನವಳಿಗೆ ತೋರಿಸಿದೆ. ನಿಮ್ಮ ಗಂಡನ ಹೆಸರೂ ಎಸ್ಪೊಸಿಟೊ ಆಗಿದ್ದರಿಂದ ನಿಮ್ಮ ಹೆಸರಿಗೆ ನಾನೇ ಕಾಟು ಹೊಡೆದೆ, ಅದಕ್ಕೇ ತಡವಾಯಿತು ಎಂದೆ. ಬೈಯಲಿ ಎಂದು ಕಾದೆ. ಅವಳು ಕನ್ನಡಕ ಹಾಕಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಣ್ಣನೂ ನನ್ನ ಹೆಸರಿಗೆ ಇದಕ್ಕೇ ಕಾಟು ಹೊಡೆದಿದ್ದು" ಎಂದಳು. ಹಾಳೆ ಮಡಿಸಿ ನನ್ನ ಕೈಗೆ ಕೊಟ್ಟಳು.

ಸೋಮವಾರ ವರದಿ ಬರೆದೆ. ಮೇಲಧಿಕಾರಿ ಅದನ್ನು ಓದಿ, 'ಮಾಹಿತಿಯ ಅಂತರ' ಎಂದು ಬರೆದರೆ ಚೆನ್ನಾಗಿರುತ್ತದೆ ಎಂದ. ಮಾಹಿತಿಯಲ್ಲಿ ಅಂತರವೇನೂ ಇರಲಿಲ್ಲ, ಕಾಗದ ನನ್ನ ಮೇಜಿನ ಮೇಲೇ ಇತ್ತು, ನಾನು ಓದಲಿಲ್ಲ ಎಂದೆ. ಅವನಿಗೆ ಕಸಿವಿಸಿಯಾಯಿತು. ಹಾಗೆಯೇ ಇರಲಿ ಎಂದು ಸಹಿ ಹಾಕಿದ. ಅಲ್ಲಿಂದ ಮುಂದೆ ನಮ್ಮ ಫಾರಂನಲ್ಲಿ ತಂದೆಯ ಹೆಸರು ಮೊದಲ ಸಾಲಿಗೆ ಬಂತು. ನನ್ನ ಇಪ್ಪತ್ತನಾಲ್ಕು ವರ್ಷದ ಸೇವೆಯಲ್ಲಿ ಆಫೀಸಿಗೆ ನಾನು ಕೊಟ್ಟು ಬಂದದ್ದು ಆ ಒಂದು ಸಾಲು.

ಸಮಾಧಿಯಾದ ಮೇಲೆ ಪರ್ತಿನ ಕಾರ್ಮೆಲಾ ನನ್ನ ಹತ್ತಿರ ಬಂದಳು. ಅವಳ ಮಗಳು ಕಾರಿನ ಬಾಗಿಲು ತೆರೆದುಕೊಂಡು ಕಾಯುತ್ತಿದ್ದಳು. ಮುದುಕಿ ನನ್ನ ಎರಡೂ ಕೈ ಹಿಡಿದುಕೊಂಡಳು. ಶಪಿಸುತ್ತಾಳೆ ಎಂದುಕೊಂಡೆ.

"ಈಗ ನನ್ನೋನನ್ನ ಹುಡುಕು" ಎಂದಳು.

ಹುಡುಕಿದೆ. ಹಡಗಿನ ಪಟ್ಟಿಯಲ್ಲಿ ಸಿಕ್ಕ, ಕಬ್ಬಿನ ಗದ್ದೆಗಳಲ್ಲಿ ಕೆಲಸ ಮಾಡಲು ಕ್ವೀನ್ಸ್‌ಲ್ಯಾಂಡಿಗೆ ಹೋದವರ ಒಂದು ಹಳೆಯ ದಾಖಲೆಯಲ್ಲಿ ಇನ್ನೊಮ್ಮೆ ಸಿಕ್ಕ, ಆಮೇಲೆ ಇಲ್ಲ. ಎಷ್ಟೋ ಎಸ್ಪೊಸಿಟೊಗಳ ಬಾಗಿಲು ತಟ್ಟಿದೆ, ಪ್ರತಿಯೊಬ್ಬರ ಅಪ್ಪನ ಹೆಸರನ್ನೂ ಮೊದಲು ಕೇಳಿದೆ. ಅವಳು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದಳು, ನ್ಯೂಸ್ ಇದೆಯಾ ಎಂದು ಕೇಳಿ, ಇಲ್ಲ ಎಂದರೆ ನನ್ನ ಮಂಡಿನೋವು ವಿಚಾರಿಸಿ ಇಡುತ್ತಿದ್ದಳು. ನಾನು ರಿಟೈರ್ ಆದ ದಿನ ಆ ಫೈಲ್ ಮುಚ್ಚಿರಲಿಲ್ಲ. ಈಗಲೂ ಮನೆಯ ನಂಬರಿಗೆ ಫೋನ್ ಮಾಡುತ್ತಾಳೆ. ಅವಳಿಗೆ ಎಂಬತ್ತಾರು.

ನಮ್ರತಾ, ಆ ಫೈಲ್ ನಿನ್ನ ಮೇಜಿನ ಎಡಗಡೆಯ ಕೆಳಗಿನ ಡ್ರಾಯರಿನಲ್ಲಿದೆ, ಹಸಿರು ದಾರ ಕಟ್ಟಿದ್ದು. ಸಾಲ್ವತೊರೆ ಎಸ್ಪೊಸಿಟೊ, ತಂದೆ ಆಂತೋನಿಯೊ. ಒಳಗಡೆ ನಾನು ಕಾಟು ಹೊಡೆದ ಹೆಸರುಗಳ ಪಟ್ಟಿಯೂ ಇದೆ, ಶುರು ಅಲ್ಲಿಂದಲೇ ಮಾಡು.